ಎರಡು ವೈರಿನ ಎಂಜಿನಿಯರ್

ಮುಂಬಯಿಯ ಭಾಂಡುಪ್‌ನ ಡೇಟಾ ಸೆಂಟರಿನಲ್ಲಿ ನಾನು ಪ್ಯೂನ್ ಆಗಿದ್ದಾಗ ವಿಜಯಪುರ ಕಡೆಯ ಒಬ್ಬ ಎಂಜಿನಿಯರ್ ಬಂದರು. ನೂರಾರು ವರ್ಚುವಲ್ ಮಷೀನುಗಳ, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳ, ಮಾಹಿತಿಯನ್ನೆಲ್ಲ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ ಇಡುವುದು ಅವರ ಕೆಲಸ. ಆ ಪೆಟ್ಟಿಗೆಗೆ ಎರಡು ಕಡೆಯಿಂದ ಕರೆಂಟು ಕೊಟ್ಟಿದ್ದರು.

"ಒಂದು ಕೈಕೊಟ್ರ ಇನ್ನೊಂದು ಇರ್ಲಿ, ಕಾಕಾ," ಎನ್ನುತ್ತಿದ್ದರು. ಅವರ ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಕೊಡೆ. ಸೊಂಟಕ್ಕೆ ಬೆಲ್ಟಿದ್ದರೂ ಒಳಗೆ ಲಾಡಿ ಕಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಪ್ಯಾಂಟ್ರಿಯ ಪ್ಲಗ್ ಕೆಟ್ಟಿತ್ತು. ಪೆಟ್ಟಿಗೆಗೆ ಇನ್ನೊಂದು ವೈರು ಇದೆಯಲ್ಲ ಎಂದುಕೊಂಡು ಅದರ ಒಂದು ವೈರು ಕಿತ್ತು, ಅಲ್ಲಿ ಚಹಾದ ಕೆಟಲ್ ಹಚ್ಚಿದೆ. ಅದೇ ಹೊತ್ತಿಗೆ ಎಲೆಕ್ಟ್ರಿಷಿಯನ್ ಪ್ಯಾಂಟ್ರಿಯ ಪ್ಲಗ್ ರಿಪೇರಿಗೆಂದು ಇನ್ನೊಂದು ಕಡೆಯ ಕರೆಂಟು ತೆಗೆದ. ಮಷೀನುಗಳೆಲ್ಲ ಸತ್ತವು. ನಾನು ಗಡಬಡಿಸಿ ವೈರನ್ನು ಮೊದಲಿನಂತೆ ಸಿಕ್ಕಿಸಿ ಹೊರಗೆ ಬಂದೆ.

ಎಂಜಿನಿಯರ್ ಬೆವರುತ್ತ ಎಲ್ಲ ಹುಡುಕಿದರು. "ವೈರು ನಾನ ಗಟ್ಟಿ ಸಿಗಿಸಿಲ್ಲ ಕಾಣ್ತದ, ಕಾಕಾ," ಎಂದು ತಪ್ಪೊಪ್ಪಿಗೆ ಪತ್ರ ಬರೆದರು, ಅದೂ ಎರಡು ಪ್ರತಿ. ಅದನ್ನು ಆಫೀಸಿನ ಸಾಹೇಬರಿಗೆ ತಲುಪಿಸಿದವನು ನಾನೇ.

ಸಾಹೇಬರು ಓದಿ, ಇವರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೇ, ಮನುಷ್ಯ ಹೇಗೆ ಎಂದು ಹಿಂದಿಯಲ್ಲಿ ಕೇಳಿದರು: "ಇಸ್‌ಕೋ ನೌಕರೀ ಪೇ ರಖೇಂ ಕ್ಯಾ? ಆದ್ಮಿ ಕೈಸಾ ಹೈ?"

ಆ ಕೆಟಲಿನ ಚಹಾವನ್ನೇ ಅವರ ಕಪ್ಪಿಗೆ ಸುರಿಯುತ್ತ ನಾನು ಹೇಳಿದೆ, ಮನುಷ್ಯ ಒಳ್ಳೆಯವರು, ಆದರೆ ಸ್ವಲ್ಪ ಅಜಾಗರೂಕರು ಎಂದು.