ಅಗಾಗ್ ಮೇಷ್ಟ್ರು

ಪುಟ್ಟಸ್ವಾಮಿ ಮೇಷ್ಟ್ರ ಮುಖ ನೋಡಿ ಅವರಿಗೆ ಸಂತೋಷವಾಗಿದೆಯೋ ಹಲ್ಲು ನೋಯುತ್ತಿದೆಯೋ ಹೇಳಲು ಆಗುತ್ತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಕುಣಿಗಲ್ಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಅವರು.

ಹೊಸ ಪದ ಬಂದರೆ ಅರ್ಥ ಬರೆಸುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದರು. ಒಂದು ದಿನ ಪಾಠದಲ್ಲಿ 'ಅಗಾಗ್' (agog) ಎಂಬ ಇಂಗ್ಲಿಷ್ ಪದ ಬಂದಾಗ ಮುಷ್ಟಿ ಬಿಗಿ ಹಿಡಿದು ಮುಂದೆ ಚಾಚಿದರು. "ಒಳಗೇನೈತೆ ಹೇಳ್ರಪ್ಪ?" ನಾವೆಲ್ಲ ಬೆಂಚಿನಿಂದ ಅರ್ಧ ಎದ್ದೆವು. ಅವರು ಕಾಯಿಸಿದರು, ಇನ್ನೂ ಕಾಯಿಸಿದರು. "ಈಗ ನೀವೆಲ್ಲ ಅಗಾಗ್. ಇವ್ನೇನೋ ಆಟ ಕಟ್ತಾವ್ನೆ ಅಂತ ಕಣ್ಣರಳಿಸ್ಕೊಂಡು ಕಾಯ್ತೀರಲ್ಲ, ಅದು. ಆಗಾಗ ಅಲ್ಲ, ಅಗಾಗ್." ಮುಷ್ಟಿ ಬಿಚ್ಚಿದರೆ ಸೀಮೆಸುಣ್ಣದ ಚೂರು. ಆಮೇಲೂ ಎಷ್ಟೋ ಸಲ ಮುಷ್ಟಿ ಚಾಚಿದರು. ಒಳಗೆ ಸೀಮೆಸುಣ್ಣವೇ ಎಂದು ಗೊತ್ತಿದ್ದೂ ನಾವು ಏಳುತ್ತಿದ್ದೆವು.

ಆಗ ಅವರದು ಟೆಂಪರವರಿ ನೌಕರಿ. ಕಾಯಂ ಆದರೆ ಮಗಳನ್ನು ಕೊಡುತ್ತೇವೆ ಎಂದು ಬೆಳ್ಳಾವಿಯ ಒಬ್ಬರು ಹೇಳಿದ್ದರು. ಇದು ಇಡೀ ಊರಿಗೆ ಗೊತ್ತಿತ್ತು. ಏನೂ ಗೊತ್ತಿಲ್ಲದವರಂತೆ ಇದ್ದವರು ಮೇಷ್ಟ್ರೊಬ್ಬರೇ. ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಒಳ್ಳೆಯ ರಿಪೋರ್ಟು ಬರೆಯಬೇಕು, ಅಷ್ಟೇ ಬಾಕಿ.

ಇನ್ಸ್‌ಪೆಕ್ಟರು ಬಂದರು. ನನ್ನನ್ನೇ ಎಬ್ಬಿಸಿ, ಅಗಾಗ್ ಸೇರಿಸಿ ಒಂದು ವಾಕ್ಯ ಹೇಳು ಎಂದರು. ಗಾಬರಿಯಲ್ಲಿ ನನ್ನ ತಲೆಯಲ್ಲಿ 'ಆಗಾಗ' ಉಳಿದಿತ್ತು, 'ಅಲ್ಲ' ಉದುರಿಹೋಗಿತ್ತು. "ಮೈ ಫಾದರ್ ಗೋಸ್ ಟು ಗುಬ್ಬಿ ಅಗಾಗ್" ಎಂದೆ.

"ವೆರಿ ಗುಡ್! ಅಷ್ಟು ಆಸೆಯಿಂದ ಹೋಗೋಕೆ ಗುಬ್ಬೀಲಿ ಏನಮ್ಮ ಇದೆ?"

"ಆಸೆ ಏನಿಲ್ಲ ಸಾರ್, ಕೊಬ್ಬರಿ ತರೋಕೆ. ತಿಂಗಳಿಗೆ ಒಂದೆರಡು ಸಲ."

ಇನ್ಸ್‌ಪೆಕ್ಟರ ನಗು ಇಳಿಯಿತು. "ಈ ಅರ್ಥ ಯಾರು ಹೇಳಿಕೊಟ್ಟಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಾನೇ ಸಾರ್. ಹುಡುಗಿ ನಾನು ಹೇಳಿದ್ದನ್ನೇ ಸರಿಯಾಗಿ ಹೇಳಿದಾಳೆ" ಎಂದರು. ಇಡೀ ತರಗತಿಗೆ ಅದು ಸುಳ್ಳೆಂದು ಗೊತ್ತಿತ್ತು. ಆ ವರ್ಷ ಅವರಿಗೆ ಕಾಯಂ ಆಗಲಿಲ್ಲ, ಹುಲಿಯೂರುದುರ್ಗಕ್ಕೆ ಹಾಕಿದರು.

ಎಂಟು ಹತ್ತು ವರ್ಷಗಳ ಮೇಲೆ ತುಮಕೂರಿನ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಬೇರೇನೂ ಕೇಳದೆ, "ಅವತ್ತು ಯಾಕೆ ಸಾರ್ ಹಾಗಂದ್ರಿ?" ಎಂದೆ.

"ನಿಮ್ಮಪ್ಪ ಹಿಂದಿನ ದಿನವೇ ಬಂದು ಕೇಳಿದ್ರಮ್ಮ. 'ಹುಡುಗಿ ತಲೆಗೆ ಏನಾದ್ರೂ ಹತ್ತುತ್ತಾ, ಇಲ್ಲ ಅಂದ್ರೆ ಸ್ಕೂಲ್ ಬುಡಿಸ್ತೀನಿ' ಅಂತ. ಚೆನ್ನಾಗಿ ಹತ್ತುತ್ತೆ ಅಂದ್ಬುಟ್ಟಿದ್ದೆ."

"ನಿಮ್ಮ ಮದುವೆ..."

"ಮಾರನೇ ವರ್ಷ ಕಾಯಂ ಆಯ್ತು. ಬೆಳ್ಳಾವಿಯವರು ಕಾಯ್ಲಿಲ್ಲ. ಅದಿರ್ಲಿ, ನೀನೇನ್ ಮಾಡ್ತಿದೀಯ?"

"ಇಲ್ಲೇ ಉಪ್ಪಾರಹಳ್ಳೀಲಿ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ ಸಾರ್."

ಅವರು, "ಹಂಗಾದ್ರೆ ನಿಮ್ಮಪ್ಪಂಗೆ ನಾನು ಸುಳ್ಳು ಹೇಳ್ಲಿಲ್ಲ" ಎಂದು ಚೀಲ ಎತ್ತಿಕೊಂಡು ಹುಲಿಯೂರುದುರ್ಗದ ಬಸ್ಸು ಹತ್ತಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.