ಭ್ರೂಣ ತೆಗೆದ ಕಾಳು

ರಜೆ ಇನ್ನೂ ಬಾಕಿ ಇತ್ತು. ಆದರೂ ಮೂರನೇ ವಾರಕ್ಕೇ ಮಸ್ಕಿಯ ಕಾಲೇಜಿಗೆ ಹೊರಟೆ. ಆ ರಜೆ ಕೊಟ್ಟದ್ದು ಕೂಸಿಗೋಸ್ಕರ. ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಮೇಲೆ ಸಿಂಧನೂರಿನ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಗಂಡ ಅಕ್ಕಿ ಗಿರಣಿಗೆ ಹೋದರೆ ಬರುವುದು ಸಂಜೆಗೆ. ಬಂದರೂ ಆ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ.

ತೊಂದರೆ ಎಂದರೆ, ಹಾಲು ಇನ್ನೂ ನಿಂತಿರಲಿಲ್ಲ. ಬಾಣಂತನಕ್ಕೆಂದು ಬಂದಿದ್ದ ಅವ್ವ ದಿನಾ ಬೆಳಿಗ್ಗೆ ಮಲ್ಲಿಗೆ ತಂದು ನನ್ನ ಎದೆಗೆ ಒತ್ತಿ ಮೇಲೆ ಬಟ್ಟೆ ಕಟ್ಟುತ್ತಿದ್ದಳು. ಹಾಗೆ ಕಟ್ಟಿದರೆ ಹಾಲು ಬತ್ತುತ್ತದಂತೆ.

“ಇನ್ನಾ ಹಸೀ ಮೈ ಐತಿ. ಮಂದಿ ನಡುವ ಬಸ್ಸಿನ್ಯಾಗ ಹೆಂಗ ಹೋಗ್ತೀ?” ಅಂದಳು.

“ಪಾಠ ಮಾಡಾಕ ಹೊಂಟೀನಿ, ಗದ್ದಿ ನಾಟಿಗಲ್ಲ,” ಎಂದು ಸಿಡುಕಿದೆ. ಪಾಪ, ಅವಳ ಮೇಲೆ ಸಿಡುಕಬಾರದಿತ್ತು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಹೂವಿಲ್ಲದ ನನ್ನ ಜಡೆ ನೋಡಿ, “ಮಲ್ಲಿಗಿ ವಾಸನಿ ಎಲ್ಲಿಂದ ಬರಾಕತ್ತೈತ್ರಿ?” ಎಂದು ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಆ ವಾರ ಬಾರ್ಲಿಗೆ ಮೊಳಕೆ ಬರಿಸಿ ಮಾಲ್ಟ್ ಮಾಡುವ ಪಾಠವಿತ್ತು. ಕಾಳು ನೆನೆದಾಗ ಒಳಗಿನ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನು ಕಳಿಸುತ್ತದೆ. ಅದು ಮುಟ್ಟಿದ ಮೇಲೆ ಕಾಳಿನಲ್ಲಿ ಕೂಡಿಟ್ಟ ಹಿಟ್ಟು ಕರಗಿ, ಭ್ರೂಣ ಉಣ್ಣಲು ಸಕ್ಕರೆಯಾಗುತ್ತದೆ. ಇದನ್ನು ತೋರಿಸಲು ಪ್ರತಿ ವರ್ಷದಂತೆ ಬ್ಲೇಡಿನಿಂದ ಭ್ರೂಣದ ತುದಿ ಕತ್ತರಿಸಿ ತೆಗೆದು, ಉಳಿದ ಅರ್ಧ ಕಾಳುಗಳನ್ನು ಗಂಜಿ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಇಟ್ಟಿದ್ದೆ. ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಬಾಟಲಿಯ ಹಾರ್ಮೋನು. ಎರಡು ದಿನ ಬಿಟ್ಟು ಮಕ್ಕಳ ಮುಂದೆ ಅಯೋಡಿನ್ ಸುರಿದೆ. ಗಂಜಿ ಇದ್ದಲ್ಲೆಲ್ಲ ತಟ್ಟೆ ಕಪ್ಪಾಯಿತು, ಹಾರ್ಮೋನು ಕುಡಿದ ಕಾಳುಗಳ ಸುತ್ತ ಮಾತ್ರ ತಿಳಿಯಾಗಿ ಉಳಿಯಿತು. ಅಲ್ಲಿ ಗಂಜಿ ಕರಗಿತ್ತು.

ಇಷ್ಟು ವರ್ಷ ಯಾರೂ ಕೇಳದ್ದನ್ನು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

“ಮೇಡಂ, ಭ್ರೂಣನ ಇಲ್ಲಲ್ರೀ. ಮತ್ತ ಸಕ್ಕರಿ ಯಾರಿಗೆ ಮಾಡೈತ್ರಿ?”

ಎದೆ ಜುಮ್ಮೆಂದಿತು. ಹೂವಿನ ಕೆಳಗೆ ಬಟ್ಟೆ ತೊಯ್ಯತೊಡಗಿತು. ಸೆರಗು ಎಳೆದುಕೊಂಡು ಮೇಜಿಗೆ ಆತು ನಿಂತೆ. ಇಷ್ಟು ದಿನ ಈ ಮೈಯನ್ನು ಎಷ್ಟು ಬೈದಿದ್ದೆ, ನಾಚಿಕೆಗೆಟ್ಟದ್ದು ಎಂದು.

“ಯಾರಿಗಂತ ಅದಕ್ಕ ಗೊತ್ತಿಲ್ಲವ್ವ,” ಎಂದೆ. “ಹಾರ್ಮೋನು ಬಂತು, ಮಾಡೈತಿ. ಅದರದೇನು ತಪ್ಪು?”

ಹುಡುಗಿ ತಲೆ ಬಗ್ಗಿಸಿ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.