ನನ್ನ ರುಖವತದ ಕಂಪ್ಯೂಟರ್ ಚಿತ್ರಗಳು

ಶೈಲಾ, ನಿನ್ನ ಲಗ್ನ ಮುರಿದದ್ದು ನನ್ನಿಂದ. ನಾನು ಬಾಯಿ ಬಿಡಲಿಲ್ಲ — ಅಷ್ಟೇ ಮಾಡಿದ್ದು, ಅಷ್ಟೇ ಸಾಕಾಯಿತು. ಇಷ್ಟು ವರ್ಷವಾದರೂ ಆ ಮಧ್ಯಾಹ್ನ ಮರೆತಿಲ್ಲ. ಸ್ವಂತ ತಂಗಿಗೆ ಹಾಗೆ ಮಾಡಿದವಳು ನಾನೇ ಏನು?

ತೊಂಬತ್ತರ ದಶಕ. ನೀನು ಸೊಲ್ಲಾಪುರದ ಒಂದು ಛಾಪಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಲಗ್ನಪತ್ರಿಕೆ ಜೋಡಿಸುತ್ತಿದ್ದೆ. ಅದರ ಪರದೆಯ ಮೇಲಿನ ಪುಟ್ಟ ಚಿತ್ರಗಳಿಗೆ ಮರುಳಾಗಿದ್ದೆ — ಕೈಗಡಿಯಾರ, ಬೆರಳು ತೋರುವ ಕೈ, ನಗುವ ಕಂಪ್ಯೂಟರ್ ಮುಖ, ಕಸದ ಬುಟ್ಟಿ. ಎಲ್ಲವೂ ಚೌಕಚೌಕ. "ಅಕ್ಕಾ, ಥೇಟ ನಮ್ಮ ಕಸೂತಿ ಇದ್ದಂಗ ಅದ ನೋಡು!" ಎಂದಿದ್ದೆ. ನೀನು ಗ್ರಾಫ್ ಕಾಗದದಲ್ಲಿ ಚೌಕ ತುಂಬಿ, ಆಮೇಲೆ ಚೌಕಳಿ ನೇಯ್ಗೆಯ ಮ್ಯಾಟಿ ಬಟ್ಟೆಯ ಮೇಲೆ ಒಂದು ಚೌಕಕ್ಕೆ ಒಂದು ಹೊಲಿಗೆ ಹಾಕುತ್ತಿದ್ದೆ. ದಿಂಬಿನ ಗವಸು, ಮೇಜಿನ ಹಾಸು, ಬಾಗಿಲ ತೋರಣ. ತೋರಣದಲ್ಲಿ ಯಾರಾದರೂ ಕಸದ ಬುಟ್ಟಿ ಹಾಕುತ್ತಾರೆಯೇ ಎಂದು ಅವ್ವ ಬೈದಳು; ನೀನು ಅದರೊಳಗೊಂದು ಹೂವು ಹಾಕಿ ಹೂಕುಂಡ ಮಾಡಿಬಿಟ್ಟೆ.

ನನ್ನ ಲಗ್ನದಲ್ಲಿ ಅವನ್ನೆಲ್ಲ ರುಖವತಕ್ಕೆ ಇಟ್ಟೆವು. ಮದುಮಗಳ ಕೈಕೆಲಸವನ್ನು ಬೀಗರು ನೋಡಲೆಂದು ಜೋಡಿಸಿಡುವ ಪದ್ಧತಿಯಲ್ಲವೇ ಅದು. ಅಕ್ಕಲಕೋಟೆಯ ಬೀಗರು ಸುತ್ತುಗಟ್ಟಿ ನಿಂತರು. ಯಾರು ಹಾಕಿದ್ದೆಂದು ಅತ್ತೆ ಕೇಳಿದರು; "ನಾನ ಹಾಕೀನ್ರಿ" ಎಂದೆ. ಪ್ರತಿ ಮದುಮಗಳೂ ಹೇಳುವ ಸುಳ್ಳದು. ಅಕ್ಕತಂಗಿಯರ, ಓಣಿಯವರ ಕೆಲಸವೂ ಆ ದಿನ ಮದುಮಗಳದೇ. ನೀನೂ ನಕ್ಕು ತಲೆಯಾಡಿಸಿದೆ. ಆಮೇಲಾದರೂ ನಿಜ ಹೇಳಬಹುದಿತ್ತು. ಆದರೆ ಅತ್ತೆ ಬಂದಬಂದವರಿಗೆಲ್ಲ ಸೊಸೆಯ ಕೈಗುಣ ಹೊಗಳುವಾಗ — ಹಿತವೆನಿಸುತ್ತಿತ್ತು.

ಮುಂದೊಂದು ಬೇಸಗೆಯಲ್ಲಿ ನಿನ್ನನ್ನು ನೋಡಲು ಮಂಗಳವೇಢೆಯಿಂದ ಬಂದರು. ಹುಡುಗ ಶಾಲೆ ಮಾಸ್ತರ, ನಿನ್ನ ಮನಸ್ಸಿಗೂ ಬಂದಿದ್ದ. ನಾನು ಅತ್ತೆಯನ್ನೂ ಕರೆತಂದಿದ್ದೆ. ಅವಲಕ್ಕಿ ಆದ ಮೇಲೆ ನೀನು ಹೊಸ ಗವಸುಗಳನ್ನು ಬಿಚ್ಚಿ ತೋರಿಸಿ, "ನಾ ಹಾಕಿದ್ದರಿ" ಎಂದೆ. ಅತ್ತೆ ಕೆಟ್ಟ ಮನಸ್ಸಿನವರಲ್ಲ, ಹೆಮ್ಮೆಯಿಂದಲೇ ಅಂದರು:

"ಅಯ್ಯ, ಇವು ನಮ್ಮ ಸೊಸೀನ ಹಾಕಿದ್ದರಿ! ನಮ್ಮ ಮನ್ಯಾಗ ಇಂಥಾವ ಭಾಳ ಅದಾವ."

ಹುಡುಗನ ತಾಯಿ ನಿನ್ನತ್ತ ತಿರುಗಿದರು. "ಯಾರು ಹಾಕ್ಯಾರವ್ವಾ? ಖರೆ ಹೇಳು."

ನೀನು ನನ್ನನ್ನು ನೋಡಿದೆ. ನೀನು ಹಟ ಹಿಡಿದರೆ ಅತ್ತೆಯೆದುರು ನನ್ನ ಮಾನ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ — ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಅಡುಗೆಮನೆಗೆ ನಿನ್ನ ದನಿ ಕೇಳಿತು: "ಅಕ್ಕ ಹಾಕಿದ್ದರಿ."

"ಕೆಲಸ ಬರದಿದ್ರ ನಡೀತದ. ಸುಳ್ಳು ನಡ್ಯಾಂಗಿಲ್ರಿ," ಎಂದು ಹುಡುಗನ ತಾಯಿ ಎದ್ದರು.

ನೀನು ಜಗಳವಾಡಲಿಲ್ಲ. ಗವಸುಗಳನ್ನು ಮಡಚಿ ನನ್ನ ಚೀಲಕ್ಕೆ ಹಾಕಿ, "ತಗೋ, ನಿನ್ನವು," ಎಂದೆ. ಮತ್ತೆಂದೂ ನೀನು ಸೂಜಿ ಹಿಡಿದದ್ದನ್ನು ನಾನು ಕಂಡಿಲ್ಲ.

ಈಗ ಹಳೆಯ ಕಂಪ್ಯೂಟರಿನ ಅಂಥವೇ ಚಿತ್ರಗಳ ದಿಂಬು, ತಟ್ಟೆಗಳನ್ನು ಪುಣೆಯಲ್ಲಿ ಜನ ಹುಡುಕಿ ಹುಡುಕಿ ಕೊಂಡು, ಕಲೆಯೆಂದು ಕೂಡಿಡುತ್ತಾರಂತೆ. ನನ್ನ ಮಗಳು ಅದನ್ನು ನೋಡಿ ಬಂದವಳೇ ನಿನ್ನ ಗವಸೊಂದಕ್ಕೆ ಗಾಜಿನ ಕಟ್ಟು ಹಾಕಿಸಿ, ಕೆಳಗೆ ನನ್ನ ಹೆಸರು ಬರೆಸಿ, ಗೋಡೆಗೆ ತೂಗಿದಳು. ನಿನ್ನೆ ಸೂಜಿ-ದಾರ ತಂದು ಎದುರಿಗೆ ಕೂತಳು. "ಅವ್ವಾ, ನನಗೂ ಕಲಿಸು."

ನನಗೆ ಒಂದು ಹೊಲಿಗೆಯೂ ಬರುವುದಿಲ್ಲ, ಶೈಲಾ. ಅತ್ತೆ ಅಲ್ಲೇ ಮಂಚದ ಮೇಲಿದ್ದರು. ಅವರ ಎದುರಿಗೇ ಹಾಗೆಂದೆ. ನಿನ್ನ ಹೆಸರು ಹೇಳಿದೆ, ಆ ಮಧ್ಯಾಹ್ನದ್ದೂ ಹೇಳಿದೆ. ಮಗಳು ಸೂಜಿ ಕೆಳಗಿಟ್ಟಳು. ಅತ್ತೆ ಗೋಡೆಯ ಮೇಲಿನ ಗವಸಿನತ್ತ ತಿರುಗಿದರು.

"ಹಂಗಾರ ಆ ಹುಡಗೀ ಲಗ್ನ ನನ್ನ ಬಾಯಿಂದ ಮುರೀತೇನು?"

"ಅಲ್ರಿ ಅತ್ತಿ," ಎಂದೆ. "ನಾ ಮುರದೀನ್ರಿ."